ದಿನಕ್ಕೆ 25 ಪದ ಬಾಯಿಪಾಠ ಮಾಡಿದರೂ ಇಂಗ್ಲಿಷ್ ಯಾಕೆ ತಲೆಯಲ್ಲಿ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಬಿ.ಕಾಂ. ಮೊದಲ ವರ್ಷ. ಪಾಠ, ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿ. ಗೊತ್ತಿಲ್ಲದ ಪದಗಳೇ ಜಾಸ್ತಿ. ಅದಕ್ಕೆ 5,000 ಪದಗಳ ಒಂದು ಪುಸ್ತಕ ತಂದು, ದಿನಕ್ಕೆ 25 ಪದ ಮತ್ತು ಅವುಗಳ ಕನ್ನಡ ಅರ್ಥವನ್ನು ನೋಟ್ ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಈಗ 'ಸಿ' ಅಕ್ಷರ ಮುಗಿಯುತ್ತಾ ಬಂತು. ಅಷ್ಟರಲ್ಲಿ 'ಎ' ಅಕ್ಷರದ ಪದಗಳು ಮರೆತೇ ಹೋಗಿವೆ. ಇಂಗ್ಲಿಷ್ ಪೇಪರ್ ಬಿಡಿಸಿದರೆ ನಾನು ಕಲಿತ ಪದಗಳು ಅಲ್ಲಿ ಕಾಣುವುದೇ ಇಲ್ಲ. ಕನ್ನಡ ಅರ್ಥ ಬರೆದುಕೊಳ್ಳಬಾರದು, ಇಂಗ್ಲಿಷಿನಲ್ಲೇ ಯೋಚಿಸಬೇಕು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಾ? ಒಟ್ಟು ಎಷ್ಟು ಪದ ಗೊತ್ತಿದ್ದರೆ ಸಾಕು? ಮುಂದೆ ಸರಕಾರಿ ಕೆಲಸಕ್ಕೆ ಪಿ.ಎಸ್.ಸಿ. ಪರೀಕ್ಷೆ ಬರೆಯುವ ಆಸೆಯೂ ಉಂಟು.

ಉತ್ತರ: ಮೊದಲು ಆ 5,000 ಪದಗಳ ಪುಸ್ತಕವನ್ನು ಕಪಾಟಿನಲ್ಲಿಡಿ. ಬಿಸಾಡಬೇಡಿ, ಪಿ.ಎಸ್.ಸಿ. ಹೊತ್ತಿಗೆ ಸ್ವಲ್ಪ ಉಪಯೋಗಕ್ಕೆ ಬಂದೀತು. ನಿಮ್ಮ ಶ್ರಮಕ್ಕೆ ಹೆಸರಿಡುವ ಹಾಗಿಲ್ಲ. ಆರಿಸಿಕೊಂಡ ಪದಗಳು ಸರಿ ಇಲ್ಲ, ಓದುವ ಕ್ರಮವೂ ಸರಿ ಇಲ್ಲ, ಅಷ್ಟೆ. ಕನ್ನಡ ಅರ್ಥ ಬರೆದುಕೊಂಡದ್ದು ಮಾತ್ರ ಪೂರ್ತಿ ಸರಿ. ಅದನ್ನು ಯಾರು ಬೇಡ ಅಂದರೂ ತಲೆಗೆ ಹಾಕಿಕೊಳ್ಳಬೇಡಿ.

ಎಷ್ಟು ಪದ ಬೇಕು ಅನ್ನುವುದನ್ನು ಮೊದಲು ನೋಡೋಣ. ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ತಜ್ಞರು ವರ್ಷಗಟ್ಟಲೆ ಇದೇ ಲೆಕ್ಕದಲ್ಲಿ ಮುಳುಗಿದ್ದವರು. 2006ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: ಕಾದಂಬರಿಯನ್ನೋ ಪೇಪರನ್ನೋ ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು 8,000ದಿಂದ 9,000 ಪದ ಕುಟುಂಬಗಳು ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳಲು 6,000ದಿಂದ 7,000. ಪದ ಕುಟುಂಬ ಅಂದರೆ 'ಆಕ್ಟ್', 'ಆಕ್ಷನ್', 'ಆಕ್ಟಿವ್', 'ಆಕ್ಟಿವಿಟಿ' ಎಲ್ಲ ಸೇರಿ ಒಂದು ಅಂತ ಎಣಿಸುವುದು.

ಸಂಖ್ಯೆ ನೋಡಿ ಹೆದರಬೇಡಿ. ಎಲ್ಲ ಪದಗಳ ತೂಕ ಒಂದೇ ಅಲ್ಲ. ಅತಿ ಹೆಚ್ಚು ಬಳಕೆಯ ಮೊದಲ 2,000 ಪದ ಕುಟುಂಬಗಳೇ ಸಾಮಾನ್ಯ ಬರಹದ ಸುಮಾರು ಶೇಕಡ 80ರಷ್ಟು ಜಾಗ ತುಂಬುತ್ತವೆ. ದಿನನಿತ್ಯದ ಮಾತಿನಲ್ಲಿ ಅವುಗಳ ಪಾಲು ಇನ್ನೂ ಜಾಸ್ತಿ. ಆಮೇಲೆ ಕಲಿಯುವ ಒಂದೊಂದು ಸಾವಿರದಿಂದ ಸಿಗುವ ಲಾಭ ಕಮ್ಮಿಯಾಗುತ್ತಾ ಹೋಗುತ್ತದೆ. ಎಕನಾಮಿಕ್ಸ್ ಪಾಠದಲ್ಲಿ ಡಿಮಿನಿಶಿಂಗ್ ರಿಟರ್ನ್ಸ್ ಅಂತ ಬಂದಿರಬೇಕು ನಿಮಗೆ, ಅದೇ ಇದು. ಹಾಗಾಗಿ ಕಲಿಯುವವರು ಮೊದಲು ಕೈ ಹಾಕಬೇಕಾದದ್ದು ಈ 2,000ಕ್ಕೆ.

ಎ, ಬಿ, ಸಿ ಎಂದು ಸಾಲಾಗಿ ಕಲಿಯುವವರಿಗೆ ಆಗುವ ತೊಂದರೆ ಇದೇ. ನಿಮ್ಮ ಪುಸ್ತಕದಲ್ಲಿ 'ಅಬೇಟ್' (ಕಮ್ಮಿಯಾಗು), 'ಅಬ್‌ಹಾರ್' (ಅಸಹ್ಯಪಡು) ತರಹದ ಪದಗಳು ಮೊದಲ ವಾರವೇ ಬಂದಿರುತ್ತವೆ. 'ಅನ್‌ಲೆಸ್' (ಹಾಗೆ ಮಾಡದಿದ್ದರೆ), 'ವೆದರ್' (ಹೌದೋ ಅಲ್ಲವೋ), 'ದೇರ್‌ಫೋರ್' (ಆದ್ದರಿಂದ) ಇವೆಲ್ಲ ಎಷ್ಟೋ ತಿಂಗಳು ಕಾಯಬೇಕು. ಒಂದು ಪ್ಯಾರಾ ಅರ್ಥವಾಗುವುದೂ ಆಗದಿರುವುದೂ ಇಂಥ ಸಣ್ಣ ಪದಗಳ ಕೈಯಲ್ಲಿದೆ. 'ಅನ್‌ಲೆಸ್' ಗೊತ್ತಿಲ್ಲದಿದ್ದರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ. ಫೀಸಿನ ನೋಟೀಸಿನಲ್ಲಿ ಅದು ಬಂದರೆ ದಂಡ ಕಟ್ಟಬೇಕೋ ಬೇಡವೋ ಅನ್ನುವುದೇ ತಿಳಿಯುವುದಿಲ್ಲ! 'ಅಬ್‌ಹಾರ್' ಗೊತ್ತಿಲ್ಲದೆ ಯಾರ ಡಿಗ್ರಿಯೂ ನಿಂತದ್ದಿಲ್ಲ.

ಬಳಕೆಯ ಪದಗಳನ್ನು ಎಣಿಸಿ ಪಟ್ಟಿ ಮಾಡುವ ಈ ಕೆಲಸಕ್ಕೆ ನಮ್ಮ ಕಡೆಯ ಮಕ್ಕಳ ಕಷ್ಟವೂ ಒಂದು ಕಾರಣ. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದರು. ಬಂಗಾಳಿ ಮಕ್ಕಳಿಗೆ ಬೇಕಾದದ್ದು ಓದಿ ಅರ್ಥ ಮಾಡಿಕೊಳ್ಳುವ ಇಂಗ್ಲಿಷ್. ಓದುವ ಪುಸ್ತಕದಲ್ಲಿ ಹೊಸ ಪದಗಳು ಹಿತಮಿತವಾಗಿ ಬಂದು, ಬಂದವು ಮತ್ತೆ ಮತ್ತೆ ಕಾಣಿಸಿದರೆ ಮಾತ್ರ ಅದು ಸಾಧ್ಯ ಎಂಬುದು ಅವರ ನಿಲುವು. ಹಾಗೆ ಶುರುವಾದ ಕೆಲಸ 1953ರಲ್ಲಿ ಜನರಲ್ ಸರ್ವಿಸ್ ಲಿಸ್ಟ್ ಎಂಬ ಸುಮಾರು 2,000 ಪದಗಳ ಪಟ್ಟಿಯಾಗಿ ಬಂತು. 2013ರಲ್ಲಿ ಇದರ ಹೊಸ ರೂಪವೂ ಬಂದಿದೆ. ಅದರಲ್ಲಿ 2,800ರಷ್ಟು ಪದಗಳಿವೆ. ನ್ಯೂ ಜನರಲ್ ಸರ್ವಿಸ್ ಲಿಸ್ಟ್ ಎಂದು ಹುಡುಕಿದರೆ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ಮಾಡಿಸಿ, ಗೊತ್ತಿರುವ ಪದಗಳಿಗೆ ಗೀಟು ಹಾಕುತ್ತಾ ಹೋಗಿ. ಉಳಿದದ್ದು ನಿಮ್ಮ ಮೊದಲ ಕೆಲಸ.

ಗೀಟು ಹಾಕುವಾಗ ನಿಮಗೇ ಆಶ್ಚರ್ಯವಾಗುವುದುಂಟು. ಇಂಗ್ಲಿಷ್ ಬರುವುದಿಲ್ಲ ಅನ್ನುವವರ ಬಾಯಲ್ಲೂ ನೂರಾರು ಇಂಗ್ಲಿಷ್ ಪದ ಓಡಾಡುತ್ತಿರುತ್ತವೆ. ಸೊಸೈಟಿ, ಲೋನ್, ಡಿಪಾಸಿಟ್, ನಾಮಿನಿ, ಸಬ್ಸಿಡಿ, ರಿನ್ಯೂ, ಬ್ಯಾಲೆನ್ಸ್. ತೋಟದ ಮನೆಯಲ್ಲಿ ಒಂದು ದಿನ ಕೂತು ಕೇಳಿದರೆ ಸಾಕು. ಇವುಗಳ ಅರ್ಥ ನೀವು ಕಲಿಯಬೇಕಾಗಿಲ್ಲ, ಸ್ಪೆಲ್ಲಿಂಗ್ ಮಾತ್ರ ನೋಡಿಕೊಳ್ಳಬೇಕು. ಒಂದು ಎಚ್ಚರ: ಕನ್ನಡಕ್ಕೆ ಬಂದ ಮೇಲೆ ಕೆಲವು ಪದಗಳು ದಾರಿ ಬದಲಿಸಿವೆ. ನಮ್ಮ 'ಹೋಟೆಲ್' ಚಾ ಕುಡಿಯುವ ಜಾಗ, ಅವರದು ಉಳಿದುಕೊಳ್ಳುವ ಜಾಗ. 'ಪಾರ್ಸೆಲ್' ಅಂದರೆ ನಮಗೆ ಕಟ್ಟಿಸಿಕೊಂಡು ಹೋಗುವ ಊಟ, ಅವರಿಗೆ ಅಂಚೆಯಲ್ಲಿ ಬರುವ ಕಟ್ಟು. (ಕಾಸರಗೋಡಿನವರಿಗೆ ಒಂದು ಖುಷಿಯ ವಿಷಯ: ಸಾಲ ತಂದದ್ದು ನಾವು ಮಾತ್ರ ಅಲ್ಲ. 'ಕಾಯರ್', 'ಕೊಪ್ರಾ', 'ಟೀಕ್', 'ಜ್ಯಾಕ್‌ಫ್ರೂಟ್' ಪದದ 'ಜ್ಯಾಕ್', ಇವೆಲ್ಲ ಮಲಯಾಳದ ಹಗ್ಗ, ಕೊಬ್ಬರಿ, ತೇಗ, ಹಲಸಿನ ಹೆಸರುಗಳೇ. ಕೆಲವು ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋದವು. ಇವನ್ನು ಬಾಯಿಪಾಠ ಮಾಡುವ ಅಗತ್ಯ ನಿಮಗೆ ಇಲ್ಲ.)

ಇನ್ನು ಕನ್ನಡ ಅರ್ಥದ ವಿಷಯ. ಇಂಗ್ಲಿಷಿನಲ್ಲೇ ಯೋಚಿಸಿ ಅನ್ನುವುದು ಕೇಳಲು ಚೆಂದ. ಆದರೆ ಯೋಚಿಸಲು ಪದಗಳೇ ಇಲ್ಲದವರು ಏನು ಮಾಡಬೇಕು? ಕಲಿಕೆಯ ಶುರುವಿನಲ್ಲಿ ತಾಯಿನುಡಿಯ ಅರ್ಥದೊಂದಿಗೆ ಪದ ಕಲಿತರೆ ಅದು ಬೇಗ ತಲೆಗೆ ಹೋಗುತ್ತದೆ ಎಂದು ಈ ವಿಷಯದ ಸಂಶೋಧನೆಗಳೂ ತೋರಿಸಿವೆ. 'ಇಂಟರೆಸ್ಟ್' ಪದದ ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಲು ಹೋದರೆ ಅದರೊಳಗೆ ಇನ್ನೂ ನಾಲ್ಕು ಗೊತ್ತಿಲ್ಲದ ಪದ ಇರುತ್ತವೆ. 'ಬಡ್ಡಿ' ಎಂದು ಬರೆದುಕೊಂಡರೆ ಒಂದೇ ಕ್ಷಣ. ಬರೆದುಕೊಳ್ಳಿ.

ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಜೋಡಿ ಇರುವುದಿಲ್ಲ. ನಾವು ದಿನಾ ಹೇಳುವ 'ಜೋರು' ನೋಡಿ. ಜೋರು ಮಳೆಗೆ 'ಹೆವಿ ರೇನ್'. ಜೋರು ಗಾಳಿಗೆ 'ಸ್ಟ್ರಾಂಗ್ ವಿಂಡ್'. ಜೋರು ಸ್ವರಕ್ಕೆ 'ಲೌಡ್ ವಾಯ್ಸ್'. ಜೋರು ಜ್ವರಕ್ಕೆ 'ಹೈ ಫೀವರ್'. ಜೋರು ನೋವಿಗೆ 'ಸಿವಿಯರ್ ಪೇನ್'. ಇನ್ನು 'ಅವಳು ಭಾರಿ ಜೋರು' ಅನ್ನುವುದಕ್ಕೆ ಇದರಲ್ಲಿ ಯಾವುದೂ ನಡೆಯುವುದಿಲ್ಲ! ನೋಟ್ ಬುಕ್ಕಿನಲ್ಲಿ 'ಹೆವಿ: ಭಾರವಾದ' ಎಂದು ಬರೆದುಕೊಂಡವರಿಗೆ 'ಹೆವಿ ರೇನ್' ಕಂಡಾಗ ಅರ್ಥವೇನೋ ಆದೀತು. ಆದರೆ ತಾವೇ ಬರೆಯುವಾಗ 'ಸ್ಟ್ರಾಂಗ್ ರೇನ್' ಎಂದು ಬರೆಯುತ್ತಾರೆ. ಅದಕ್ಕೇ ನಾನು ಹೇಳುವುದು, ಒಂಟಿ ಪದ ಬರೆಯಬೇಡಿ. ಜೊತೆಗಾರ ಪದವನ್ನೂ ಸೇರಿಸಿ ಎರಡು ಮೂರು ಪದದ ತುಂಡಾಗಿ ಬರೆಯಿರಿ. 'ಹೆವಿ' ಬೇಡ, 'ಹೆವಿ ರೇನ್' ಬರೆಯಿರಿ. ಕನ್ನಡದ ಕಡೆಯೂ 'ಭಾರವಾದ' ಬೇಡ, 'ಜೋರು ಮಳೆ' ಇರಲಿ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಬರುವಂಥ ಒಂದು ವಾಕ್ಯ ತೆಗೆದುಕೊಳ್ಳೋಣ: 'ದಿ ಕಲೆಕ್ಟರ್ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ ಫಾರ್ ಸ್ಕೂಲ್ಸ್ ಇನ್ ವ್ಯೂ ಆಫ್ ಹೆವಿ ರೇನ್.' ಇದರಲ್ಲಿ ಕಲೆಕ್ಟರ್, ಹಾಲಿಡೇ, ಸ್ಕೂಲ್, ರೇನ್ ನಿಮಗೆ ಗೊತ್ತು. ಕಷ್ಟ ಕೊಡುವುದು ಎರಡೇ ಕಡೆ. ಒಂದು 'ಇನ್ ವ್ಯೂ ಆಫ್'. ಇದರಲ್ಲಿ ಬರೀ 'ವ್ಯೂ' ಪದವನ್ನು ಡಿಕ್ಷನರಿಯಲ್ಲಿ ಹುಡುಕಿದರೆ 'ನೋಟ' ಎಂದು ಸಿಗುತ್ತದೆ. ಮಳೆಯ ನೋಟದಲ್ಲಿ ರಜೆ? ಏನೂ ಅರ್ಥ ಆಗುವುದಿಲ್ಲ. ಮೂರೂ ಸೇರಿ ಒಂದೇ ಪದ ಅಂತ ತಿಳಿಯಬೇಕು. 'ಮಳೆ ಇರುವ ಕಾರಣ' ಎಂದು ಅರ್ಥ. ಸರಕಾರಿ ಆರ್ಡರುಗಳಲ್ಲಿ, ಬ್ಯಾಂಕಿನ ಕಾಗದಗಳಲ್ಲಿ ಇದು ಧಾರಾಳವಾಗಿ ಬರುತ್ತದೆ.

ಇನ್ನೊಂದು 'ಡಿಕ್ಲೇರ್'. ಘೋಷಿಸು ಎಂದು ಬರೆದುಕೊಳ್ಳಿ, ತಪ್ಪಿಲ್ಲ. ಆಮೇಲೆ ಅದು ಯಾರ ಜೊತೆ ತಿರುಗುತ್ತದೆ ಅಂತ ಕಣ್ಣಿಟ್ಟು ನೋಡಿ. ಕಲೆಕ್ಟರ್ ರಜೆಯನ್ನು ಡಿಕ್ಲೇರ್ ಮಾಡುತ್ತಾರೆ. ಯೂನಿವರ್ಸಿಟಿ ರಿಸಲ್ಟ್ ಡಿಕ್ಲೇರ್ ಮಾಡುತ್ತದೆ. ನಿಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಕಂಪನಿ ಡಿವಿಡೆಂಡ್ ಡಿಕ್ಲೇರ್ ಮಾಡುತ್ತದೆ. ಗಲ್ಫಿನಿಂದ ಚಿನ್ನ ತರುವವರು ಕಸ್ಟಮ್ಸ್‌ನಲ್ಲಿ ಅದನ್ನು ಡಿಕ್ಲೇರ್ ಮಾಡಬೇಕು. ಕೊನೆಯದರಲ್ಲಿ ಘೋಷಣೆ ಗೀಷಣೆ ಏನಿಲ್ಲ, ಇರುವುದನ್ನು ಇದೆ ಅಂತ ಅಧಿಕಾರಿಗಳಿಗೆ ಹೇಳುವುದು ಅಷ್ಟೆ. ಈ ನಾಲ್ಕು ಜಾಗದಲ್ಲಿ ನೋಡಿದ ಮೇಲೆ 'ಡಿಕ್ಲೇರ್' ನಿಮ್ಮದಾಯಿತು. ಆಮೇಲೆ ಅದಕ್ಕೆ ಕನ್ನಡ ಅರ್ಥ ಬೇಕಾಗುವುದಿಲ್ಲ. ಇಂಗ್ಲಿಷಿನಲ್ಲೇ ಯೋಚಿಸುವುದು ಅನ್ನುತ್ತಾರಲ್ಲ, ಅದು ಹೀಗೆ ತಾನಾಗಿ ಬರುವಂಥದ್ದು.

ನಿಮ್ಮ ಬಿ.ಕಾಂ. ಪುಸ್ತಕಗಳಲ್ಲಿ ಇಂಥ ಎರಡು ಮುಖದ ಪದಗಳು ತುಂಬಾ ಇವೆ. 'ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್' ಅಂದರೆ ಹೊಗಳಿಕೆ, 'ಔಟ್‌ಸ್ಟ್ಯಾಂಡಿಂಗ್ ಅಮೌಂಟ್' ಅಂದರೆ ಬಾಕಿ. 'ಇಂಟರೆಸ್ಟ್' ಅಂದರೆ ಆಸಕ್ತಿಯೂ ಹೌದು, ಬಡ್ಡಿಯೂ ಹೌದು. 'ಪ್ರಿನ್ಸಿಪಲ್' ಕಾಲೇಜಿನಲ್ಲಿ ಒಬ್ಬರು ಮನುಷ್ಯರು, ಸಾಲದ ಲೆಕ್ಕದಲ್ಲಿ ಅಸಲು. ಕಾಸರಗೋಡಿನ ಮಕ್ಕಳಿಗೆ ಇದು ಹೊಸತೇನಲ್ಲ, ಅಲ್ವಾ? ಕನ್ನಡ ಕ್ಲಾಸಿನಲ್ಲಿ 'ಉಪನ್ಯಾಸ' ಅಂದರೆ ಭಾಷಣ. ಮಲಯಾಳದಲ್ಲಿ ಅದೇ ಪದ ಪ್ರಬಂಧ. ಹಿಂದಿಯಲ್ಲಿ ಕಾದಂಬರಿ. 'ಅವಕಾಶ' ಅಂದರೆ ನಮಗೆ ಚಾನ್ಸು, ಮಲಯಾಳದಲ್ಲಿ ಹಕ್ಕು. ಯಾರ ಹತ್ತಿರ ಯಾವ ಅರ್ಥದಲ್ಲಿ ಹೇಳುವುದು ಅಂತ ನೀವು ಸಣ್ಣದಿರುವಾಗಲೇ ಕಲಿತಿದ್ದೀರಿ, ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಇಂಗ್ಲಿಷಿಗೂ ಅದೇ ಬುದ್ಧಿ ಉಪಯೋಗಿಸಿ.

ಈಗ ಮರೆವಿನ ವಿಷಯಕ್ಕೆ ಬರೋಣ. ನೀವು ನೋಟ್ ಬುಕ್ ಬಿಡಿಸಿ, ಪದ ಮತ್ತು ಅರ್ಥ ಎರಡನ್ನೂ ನೋಡುತ್ತಾ ಹತ್ತು ಸಲ ಓದುತ್ತೀರಿ ಅಂತ ಕಾಣುತ್ತದೆ. ಹೆಚ್ಚಿನವರು ಮಾಡುವುದೂ ಅದನ್ನೇ. ಕಣ್ಣ ಮುಂದೆ ಎರಡೂ ಇರುವಾಗ ಎಲ್ಲ ಗೊತ್ತಿದೆ ಅಂತ ಅನಿಸುತ್ತದೆ. ಅದು ಸುಮ್ನೆ ಅನಿಸುವುದು. 2008ರಲ್ಲಿ ಅಮೆರಿಕದ ಕಾರ್ಪಿಕೆ ಮತ್ತು ರೋಡಿಗರ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಕಾಲೇಜಿನ ವಿದ್ಯಾರ್ಥಿಗಳಿಗೆ ಸ್ವಾಹಿಲಿ ಭಾಷೆಯ 40 ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕೊಟ್ಟರು. ಒಂದು ಸಲ ಸರಿಯಾಗಿ ಹೇಳಿದ ಪದವನ್ನು ಕೆಲವರು ಆಮೇಲೆ ಬರೀ ನೋಡಿ ಓದಿದರು. ಇನ್ನು ಕೆಲವರು ಅರ್ಥ ನೋಡದೆ ನೆನಪು ಮಾಡಿ ಹೇಳುವುದನ್ನು ಮುಂದುವರಿಸಿದರು. ಒಂದು ವಾರದ ಮೇಲೆ ಕೇಳಿದಾಗ ನೆನಪು ಮಾಡಿ ಹೇಳುತ್ತಿದ್ದವರಿಗೆ ಶೇಕಡ 80ರಷ್ಟು ಪದ ಉಳಿದಿತ್ತು. ನೋಡಿ ಓದಿದವರಿಗೆ ಶೇಕಡ 35ರ ಆಸುಪಾಸು. ತಮಾಷೆ ಎಂದರೆ, ವಾರ ಕಳೆದ ಮೇಲೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಎಲ್ಲರೂ ಹೆಚ್ಚುಕಮ್ಮಿ ಒಂದೇ ಅಂದಾಜು ಹೇಳಿದ್ದರು. ಯಾವ ರೀತಿ ಓದಿದರೆ ನಿಲ್ಲುತ್ತದೆ ಅಂತ ಓದುವವರಿಗೇ ತಿಳಿಯುವುದಿಲ್ಲ.

ಹಾಗಾಗಿ ಅರ್ಥವನ್ನು ಮುಚ್ಚಿ. ಪದ ನೋಡಿ, ಅರ್ಥ ಬಾಯಿಗೆ ಬರುವ ತನಕ ಸ್ವಲ್ಪ ಒದ್ದಾಡಿ. ಬರದಿದ್ದರೆ ಆಮೇಲೆ ನೋಡಿ. ಆ ಒದ್ದಾಟವೇ ಕಲಿಕೆ. ಅದು ಸಲೀಸಾದ ಮೇಲೆ ಕನ್ನಡ ಕಡೆಯಿಂದ ಇಂಗ್ಲಿಷಿಗೆ ಬನ್ನಿ. ಇದು ಜಾಸ್ತಿ ಕಷ್ಟ. ಆದರೆ ಬರೆಯಲಿಕ್ಕೂ ಮಾತಾಡಲಿಕ್ಕೂ ಬೇಕಾದದ್ದು ಇದೇ.

ಎರಡನೆಯದು ಬಿಡುವು ಕೊಟ್ಟು ಓದುವುದು. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಮೊದಲ ಕೆಲವು ಗಂಟೆಗಳಲ್ಲೇ ದೊಡ್ಡ ಪಾಲು ಹೋಗಿಬಿಡುತ್ತದೆ, ಆಮೇಲೆ ನಿಧಾನವಾಗಿ. ಒಂದೇ ದಿನ ಹತ್ತು ಸಲ ಓದುವುದು ಇಡೀ ತಿಂಗಳ ನೀರನ್ನು ಒಂದೇ ರಾತ್ರಿ ಅಡಿಕೆ ತೋಟಕ್ಕೆ ಬಿಟ್ಟ ಹಾಗೆ. ಅದೇ ಹತ್ತು ಸಲವನ್ನು ಎರಡು ತಿಂಗಳಲ್ಲಿ ಹಂಚಿ ಓದಿದರೆ ಪದ ಬೇರು ಬಿಡುತ್ತದೆ.

ಇದಕ್ಕೆ ಒಂದು ಸುಲಭದ ಉಪಾಯ ಉಂಟು. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯ ಮಾಡಿದ್ದು. ಮನೆಯಲ್ಲಿ ಹಳೆಯ ಮದುವೆ ಕಾಗದಗಳು ರಾಶಿ ಬಿದ್ದಿರುತ್ತವಲ್ಲ, ಖಾಲಿ ಬದಿ ಇರುವವನ್ನು ಬಸ್ ಪಾಸಿನಷ್ಟು ದೊಡ್ಡದಾಗಿ ಕತ್ತರಿಸಿ. ಒಂದು ತುಂಡಿಗೆ ಒಂದೇ ಪದ. ಮುಂದಿನ ಬದಿಯಲ್ಲಿ ಇಂಗ್ಲಿಷ್ ಪದವನ್ನು ಜೊತೆಗಾರನ ಸಮೇತ ಬರೆಯಿರಿ, ಹಿಂದೆ ಕನ್ನಡ ಅರ್ಥ. ಅಚ್ಚಾದ ಬದಿ ಅಡ್ಡ ಬಂದರೆ ಎರಡು ತುಂಡು ಅಂಟಿಸಿದರಾಯಿತು. ಐದು ಖಾನೆಯ ಒಂದು ಪೆಟ್ಟಿಗೆ ಮಾಡಿ. ಮೊದಲ ಖಾನೆಯ ಚೀಟಿಗಳನ್ನು ದಿನಾ ನೋಡಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು 15 ದಿನಕ್ಕೊಮ್ಮೆ, ಕೊನೆಯದನ್ನು ತಿಂಗಳಿಗೊಮ್ಮೆ. ನೆನಪಾದರೆ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ. ಮರೆತರೆ, ಎಲ್ಲಿದ್ದರೂ ಸರಿ, ಸೀದಾ ಮೊದಲ ಖಾನೆಗೆ. ನೆನಪಿರುವ ಪದಗಳ ಮೇಲೆ ಹೊತ್ತು ಹಾಳಾಗುವುದಿಲ್ಲ, ಕಾಟ ಕೊಡುವ ಪದಗಳು ದಿನಾ ಎದುರು ಬರುತ್ತವೆ. ಫೋನಿನಲ್ಲೇ ಮಾಡುವವರಿಗೆ ಆಂಕಿ ಎಂಬ ಆಪ್ ಇದೆ. ಆಂಡ್ರಾಯ್ಡ್ ಫೋನಿಗೆ ಉಚಿತ. ಕೈಯಿಂದ ಬರೆದರೆ ಸ್ಪೆಲ್ಲಿಂಗ್ ಕೂಡ ಕೂರುತ್ತದೆ, ಅದಕ್ಕೆ ನನಗೆ ಚೀಟಿಯೇ ಇಷ್ಟ. ಒಂದು ಕಟ್ಟು ಚೀಟಿಗೆ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿನಲ್ಲಿಟ್ಟರೆ ಮುಳ್ಳೇರಿಯದಿಂದ ಚೆರ್ಕಳ ಮುಟ್ಟುವುದರೊಳಗೆ ಒಂದು ಸುತ್ತು ಮುಗಿಯುತ್ತದೆ. ಸೀಟು ಸಿಕ್ಕಿದರೆ.

ದಿನಕ್ಕೆ 25 ಬೇಡವೇ ಬೇಡ. ಹೊಸ ಪದ ಆರು ಸಾಕು. ಹಳೆಯವುಗಳ ಪಾಳಿಯೂ ದಿನಾ ಬರುತ್ತದೆ, ಅದನ್ನು ಮರೆಯಬೇಡಿ. ವರ್ಷದಲ್ಲಿ 300 ದಿನ ಮಾಡಿದರೂ 1,800 ಪದ ಆಯಿತು. ಪಟ್ಟಿಯಲ್ಲಿ ಗೀಟು ಹಾಕಿ ಬಿಟ್ಟದ್ದು ಸೇರಿದರೆ ಮೊದಲ 2,000ದ ಕೆಲಸ ವರ್ಷದೊಳಗೆ ಮುಗಿದು ಮುಂದಕ್ಕೂ ಕೈ ಹಾಕಿರುತ್ತೀರಿ.

ಒಂದು ಮಾತು ಗಮನದಲ್ಲಿಡಿ, ಇದನ್ನು ಹೆಚ್ಚಿನ ಪುಸ್ತಕಗಳು ತಪ್ಪಾಗಿಯೇ ಮಾಡುತ್ತವೆ. ಒಂದಕ್ಕೊಂದು ಹತ್ತಿರದ ಪದಗಳನ್ನು, ವಿರುದ್ಧ ಪದಗಳನ್ನು ಒಂದೇ ದಿನ ಕಲಿಯಬೇಡಿ. 'ಬಾರೋ' ಮತ್ತು 'ಲೆಂಡ್' ಒಟ್ಟಿಗೆ ಕಲಿತವರಿಗೆ ಸಾಲ ಕೊಡುವುದು ಯಾವುದು, ತೆಗೆದುಕೊಳ್ಳುವುದು ಯಾವುದು ಎಂದು ಕೊನೆಯ ತನಕವೂ ಗೊಂದಲ. 'ಡೆಬಿಟ್', 'ಕ್ರೆಡಿಟ್' ಕಥೆ ನಿಮಗೇ ಗೊತ್ತು. ಹೊಸದಾಗಿ ಕಲಿಯುವ ಹೊತ್ತಿನಲ್ಲಿ ಇಂಥ ಜೋಡಿಗಳು ಒಂದಕ್ಕೊಂದು ಅಡ್ಡ ಬರುತ್ತವೆ ಎಂದು 1990ರ ದಶಕದ ಪ್ರಯೋಗಗಳಲ್ಲಿ ಕಂಡುಬಂದಿದೆ. ಒಂದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು ಕಲಿಯಿರಿ. ಎ ಅಕ್ಷರದ 25 ಪದ ಒಟ್ಟಿಗೆ ಕಲಿಯುವುದೂ ಹೀಗೆಯೇ. ಎಲ್ಲದರ ತಲೆ ಒಂದೇ ತರಹ ಕಾಣುತ್ತದೆ, ತಲೆಗೆ ಬಾಲ ಜೋಡಿಸುವಾಗ ತಪ್ಪುತ್ತದೆ.

2,000 ದಾಟಿದ ಮೇಲೆ ಪದಗಳನ್ನು ಬಿಡಿಸಿ ನೋಡುವ ಅಭ್ಯಾಸ ಸಹಾಯ ಮಾಡುತ್ತದೆ. ಕನ್ನಡ ವ್ಯಾಕರಣದಲ್ಲಿ ಉಪಸರ್ಗ ಓದಿದ್ದೀರಿ: 'ಹಾರ'ದಿಂದ ಆಹಾರ, ವಿಹಾರ, ಸಂಹಾರ, ಪರಿಹಾರ. ಇಂಗ್ಲಿಷಿಗೆ ಲ್ಯಾಟಿನ್‌ನಿಂದ ಬಂದ 'ಪೋರ್ಟ್' ಎಂದರೆ ಹೊರುವುದು. ಒಳಗೆ ಹೊತ್ತು ತಂದರೆ 'ಇಂಪೋರ್ಟ್', ಹೊರಗೆ ಹೊತ್ತರೆ 'ಎಕ್ಸ್‌ಪೋರ್ಟ್', ಆಚೆಗೆ ಸಾಗಿಸಿದರೆ 'ಟ್ರಾನ್ಸ್‌ಪೋರ್ಟ್', ಹೊರುವವನು 'ಪೋರ್ಟರ್'. 'ಸ್ಪೆಕ್ಟ್' ಎಂದರೆ ನೋಡುವುದು: 'ಇನ್‌ಸ್ಪೆಕ್ಟರ್', 'ಸ್ಪೆಕ್ಟೇಟರ್', 'ಸಸ್ಪೆಕ್ಟ್'. ಇಂಥ 20 ಮೂಲ, 20 ಉಪಸರ್ಗ ಕಲಿತರೆ ಸಾಕು. ಅದಕ್ಕಿಂತ ಜಾಸ್ತಿ ಹೋದರೆ ಅದೇ ಒಂದು ಹವ್ಯಾಸವಾಗುತ್ತದೆ, ಓದು ಹಿಂದೆ ಬೀಳುತ್ತದೆ.

ಕಾಲೇಜು ಪುಸ್ತಕಗಳಿಗಾಗಿಯೇ ಇನ್ನೊಂದು ಸಣ್ಣ ಪಟ್ಟಿ ಇದೆ. 2000ನೇ ಇಸವಿಯಲ್ಲಿ ಎವ್ರಿಲ್ ಕಾಕ್ಸ್‌ಹೆಡ್ ಎಂಬವರು ಮಾಡಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಬರೀ 570 ಪದ ಕುಟುಂಬ. ಅಷ್ಟರಿಂದಲೇ ಕಾಲೇಜು ಮಟ್ಟದ ಬರಹದ ಇನ್ನೊಂದು ಶೇಕಡ 10 ತುಂಬುತ್ತದೆ. 'ಅಸ್ಯೂಮ್', 'ಎಸ್ಟಿಮೇಟ್', 'ಇಂಡಿಕೇಟ್', 'ಡಿರೈವ್', 'ಡಿಸ್ಟ್ರಿಬ್ಯೂಟ್'. ನಿಮ್ಮ ಪಾಠಪುಸ್ತಕದ ಯಾವ ಪುಟ ಬಿಡಿಸಿದರೂ ಇವು ಕಾಣುತ್ತವೆ. ಮೊದಲ 2,000 ಮುಗಿಯುವ ತನಕ ಇದಕ್ಕೆ ಕಾಯಬೇಕೆಂದಿಲ್ಲ. ದಿನದ ಆರರಲ್ಲಿ ಎರಡು ಇದರಿಂದ ಇರಲಿ.

ಇಷ್ಟಾದರೂ ಓದದಿದ್ದರೆ ಚೀಟಿಯ ಪದ ಚೀಟಿಯಲ್ಲೇ ಉಳಿಯುತ್ತದೆ. ಓದುವುದು ಏನನ್ನು? ಇಂಗ್ಲಿಷ್ ಪೇಪರ್ ಈಗ ಬೇಡ. 100 ಪದದ ಒಂದು ಪ್ಯಾರಾ ತೆಗೆದುಕೊಂಡು ಗೊತ್ತಿಲ್ಲದ್ದಕ್ಕೆ ಗೆರೆ ಎಳೆಯಿರಿ. ಎರಡಕ್ಕಿಂತ ಜಾಸ್ತಿ ಇಲ್ಲದಿದ್ದರೆ ಅದನ್ನು ನೀವು ಆರಾಮವಾಗಿ ಓದಬಹುದು. ಐದರ ತನಕ ಇದ್ದರೆ ಡಿಕ್ಷನರಿ ಹಿಡಿದು ಓದಬಹುದು. ಅದಕ್ಕಿಂತ ಮೇಲಾದರೆ ಅದು ಓದುವುದಲ್ಲ, ಕಲ್ಲು ಹೆಕ್ಕುವ ಕೆಲಸ. ಆ ಪುಸ್ತಕ ಸದ್ಯಕ್ಕೆ ಬದಿಗಿಡಿ.

ನಿಮ್ಮಂಥ ಕನ್ನಡ ಮಾಧ್ಯಮದವರಿಗೆ ಕೇರಳದಲ್ಲಿ ಒಂದು ಅನುಕೂಲ ಇದೆ. ಅದನ್ನು ಬಳಸುವವರು ನನಗೆ ಅಷ್ಟಾಗಿ ಕಂಡಿಲ್ಲ. ಶಾಲಾ ಪುಸ್ತಕ ತಯಾರಿಸುವ ಸರಕಾರಿ ಸಂಸ್ಥೆ ಎಸ್.ಸಿ.ಇ.ಆರ್.ಟಿ.ಯ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್ ಮಾತ್ರವಲ್ಲ, ಕನ್ನಡ ಮತ್ತು ತಮಿಳು ಮಾಧ್ಯಮದಲ್ಲೂ ಬರುತ್ತವೆ. ಪಾಠ ಅದೇ, ಭಾಷೆ ಬೇರೆ. ನೀವು ಎಂಟನೆಯ ಕ್ಲಾಸಿನಲ್ಲಿ ಓದಿದ ಸಮಾಜ ವಿಜ್ಞಾನದ ಕನ್ನಡ ಪುಸ್ತಕ ಹುಡುಕಿ. ಅದರದೇ ಇಂಗ್ಲಿಷ್ ಪುಸ್ತಕ ಕೈಟ್ ಎಂಬ ಸರಕಾರಿ ಸಂಸ್ಥೆಯ 'ಸಮಗ್ರ' ಎಂಬ ವೆಬ್ ಪೋರ್ಟಲಿನಲ್ಲೋ ನೆರೆಮನೆಯ ಇಂಗ್ಲಿಷ್ ಮೀಡಿಯಂ ಮಕ್ಕಳ ಹತ್ತಿರವೋ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲು ಕನ್ನಡದಲ್ಲಿ ಒಂದು ಪ್ಯಾರಾ, ಆಮೇಲೆ ಇಂಗ್ಲಿಷಿನಲ್ಲಿ ಅದೇ ಪ್ಯಾರಾ. ವಿಷಯ ನಿಮಗೆ ಗೊತ್ತೇ ಇರುವ ಕಾರಣ ಮನಸ್ಸೆಲ್ಲ ಪದಗಳ ಮೇಲೆ ಇರುತ್ತದೆ. 'ಆದಾಯ' ಇದ್ದ ಕಡೆ 'ಇನ್‌ಕಮ್', 'ಉತ್ಪಾದನೆ' ಇದ್ದ ಕಡೆ 'ಪ್ರೊಡಕ್ಷನ್', 'ಹಾಗಿದ್ದರೂ' ಇದ್ದ ಕಡೆ 'ಹೌಎವರ್'. ಡಿಕ್ಷನರಿ ಬಿಡಿಸುವ ಕೆಲಸವೇ ಇಲ್ಲ. ಒಂದು ಪುಸ್ತಕ ಹೀಗೆ ಮುಗಿಸಿದರೆ ಒಂಬತ್ತು, ಹತ್ತರ ಪುಸ್ತಕ ಹಿಡಿಯಿರಿ. ಸಣ್ಣ ಮಕ್ಕಳ ಪುಸ್ತಕ ಅಂತ ನಾಚಿಕೆ ಬೇಡ, ಮನೆಯೊಳಗೆ ಓದುವುದು ಯಾರಿಗೆ ಗೊತ್ತಾಗುತ್ತದೆ?

ಡಿಕ್ಷನರಿ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಅರ್ಥ ತಿಳಿಯಲು ಇಂಗ್ಲಿಷ್-ಕನ್ನಡ ಡಿಕ್ಷನರಿ ಸಾಕು. ಬಳಕೆ ತಿಳಿಯಲು ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ಡಿಕ್ಷನರಿ ಬೇಕು. ಲಾಂಗ್‌ಮನ್‌ನವರದ್ದು 1978ರಲ್ಲಿ ಬಂದಾಗ ಎಲ್ಲ ವಿವರಣೆಗಳನ್ನೂ ಸುಮಾರು 2,000 ಸರಳ ಪದಗಳಲ್ಲೇ ಬರೆದಿದ್ದರು. ಆ 2,000 ಕಲಿತವರಿಗೆ ಇಡೀ ಡಿಕ್ಷನರಿ ತೆರೆದುಕೊಳ್ಳುತ್ತದೆ. ಅಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಓದಿ, ಚೀಟಿಗೆ ಬೇಕಾದ ಜೊತೆಗಾರ ಪದ ಅಲ್ಲೇ ಸಿಗುತ್ತದೆ. ಕೆಲವು ಮನೆಗಳಲ್ಲಿ ಕಿಟೆಲ್ ಕೋಶ ಇರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕೆಲಸ ಅದು, ಆದರೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೋಶ. ಹಳೆಗನ್ನಡ ಓದುವವರಿಗೆ ಬೇಕು. ಅದರಿಂದ ಈ ಕಾಲದ ಇಂಗ್ಲಿಷ್ ಕಲಿಯಲು ಹೊರಡಬೇಡಿ.

ಹೊಸ ಪದವನ್ನು ಒಂದು ಸಲ ಫೋನಿನಲ್ಲಿ ಕೇಳಿಸಿಕೊಂಡೇ ಚೀಟಿಗೆ ಹಾಕಿ. 'ಡೆಟ್' ಬರೆಯುವಾಗ ನಡುವೆ ಬಿ ಅಕ್ಷರ ಇರುತ್ತದೆ, 'ರಿಸೀಟ್' ಬರೆಯುವಾಗ ಪಿ ಇರುತ್ತದೆ, ಬಾಯಲ್ಲಿ ಎರಡೂ ಇಲ್ಲ. ಕಣ್ಣಿನಿಂದ ಮಾತ್ರ ಕಲಿತರೆ ಕ್ಲಾಸಿನಲ್ಲಿ ಲೆಕ್ಚರರ್ ಹೇಳುವಾಗ ಅದೇ ಪದ ಅಂತ ಗೊತ್ತೇ ಆಗುವುದಿಲ್ಲ.

ಕೊನೆಗೆ ಪಿ.ಎಸ್.ಸಿ. ಅಲ್ಲಿನ ಇಂಗ್ಲಿಷ್ ಪ್ರಶ್ನೆಗಳ ದಾರಿಯೇ ಬೇರೆ. ಸಮಾನಾರ್ಥಕ, ವಿರುದ್ಧ ಪದ, ಒಂದು ಪದದಲ್ಲಿ ಹೇಳಿ, ಫ್ರೇಸಲ್ ವರ್ಬ್, ಇಡಿಯಮ್ ಇವೇ ಮತ್ತೆ ಮತ್ತೆ ಬರುತ್ತವೆ. ಅಂಚೆಚೀಟಿ ಸಂಗ್ರಹಿಸುವವರಿಗೆ 'ಫಿಲಾಟೆಲಿಸ್ಟ್', ನಾಣ್ಯದವರಿಗೆ 'ನ್ಯೂಮಿಸ್ಮ್ಯಾಟಿಸ್ಟ್'. ಕೆಲಸಕ್ಕೆ ಸೇರಿದ ಮೇಲೆ ಇಂಥ ಪದಗಳು ಯಾವ ಫೈಲಿನಲ್ಲೂ ಕಾಣಲಿಕ್ಕಿಲ್ಲ, ಆದರೆ ಮಾರ್ಕು ಮಾರ್ಕೇ. ಇದಕ್ಕೆ ಪಟ್ಟಿ ಹಿಡಿದು ಬಾಯಿಪಾಠ ಮಾಡುವುದೇ ಸರಿ, ನಾಚಿಕೆ ಪಡುವಂಥದ್ದೇನಿಲ್ಲ. ಪಿ.ಎಸ್.ಸಿ.ಯ ಸೈಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಅವುಗಳಿಂದ ಇಂಗ್ಲಿಷ್ ಭಾಗದ ಪದಗಳನ್ನು ಹೆಕ್ಕಿ, ಬೇರೆ ಬಣ್ಣದ ಚೀಟಿಗಳಲ್ಲಿ ಬರೆದು, ಬೇರೆಯೇ ಪೆಟ್ಟಿಗೆಯಲ್ಲಿಡಿ. ಡಿಗ್ರಿಯ ಕೊನೆಯ ವರ್ಷ ಶುರು ಮಾಡಿದರೆ ಸಾಕು. ಅಷ್ಟರ ತನಕ ಅದಕ್ಕೆ ದಿನದ ಹೊತ್ತು ಕೊಡಬೇಡಿ.